ಡ್ರಿಲ್ಲಿಂಗ್ ಮಷೀನಿನ ಮುಂದೆ ಕೈಗವಸು ಬೇಡ

ಪೀಣ್ಯದ ಎರಡನೇ ಹಂತದಲ್ಲಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷ ಸೂಪರ್‌ವೈಸರ್ ಆಗಿದ್ದೆ. ‘ಕೈಗವಸು ಧರಿಸದೆ ಯಾರೂ ಕೆಲಸ ಮಾಡಕೂಡದು’ ಎಂಬ ಫಲಕವನ್ನು ಬರೆಸಿ ಅಲ್ಲಿನ ಗೋಡೆಗೆ ಹಾಕಿಸಿದವನು ನಾನೇ. ಶೀಟ್ ಮೆಟಲ್ ಹಾಳೆಗಳ ಅಂಚು ತಗುಲಿ ದಿನಕ್ಕೊಬ್ಬರಾದರೂ ಕೈ ಕೊಯ್ದುಕೊಳ್ಳುತ್ತಿದ್ದುದರಿಂದ ಅದು ಒಳ್ಳೆಯ ನಿಯಮವೆಂದೇ ನಂಬಿದ್ದೆ. ಅದೇ ಫಲಕದ ಕೆಳಗೆ, ಕೆಲಸಕ್ಕೆ ಸೇರಿ ತಿಂಗಳೂ ತುಂಬದ ಹುಡುಗನೊಬ್ಬ ತಿರುಗುತ್ತಿದ್ದ ಡ್ರಿಲ್ಲಿನ ಪಕ್ಕದ ಚೂರುಗಳನ್ನು ಕೈಯಿಂದ ಸರಿಸಲು ಹೋದಾಗ, ಅವನು ಹಾಕಿಕೊಂಡಿದ್ದ ಹತ್ತಿಯ ಕೈಗವಸನ್ನು ಡ್ರಿಲ್ ಸುತ್ತಿಕೊಂಡು ಎಳೆಯಿತು. ತೋರುಬೆರಳಿನ ತುದಿಯ ಎರಡು ಗೆಣ್ಣುಗಳು ಹೋದವು. ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಅವನು ಅಳಲಿಲ್ಲ. ‘ಸಾರ್, ಗ್ಲೌಸ್ ಹಾಕ್ಕೊಂಡೇ ಇದ್ದೆ ಸಾರ್’ ಎಂದು ಮತ್ತೆ ಮತ್ತೆ ಹೇಳುತ್ತಿದ್ದ.

ಆ ಮಾತಿಗೆ ಉತ್ತರ ಹುಡುಕುತ್ತಾ ನಾನು ಅಂದು ರಾತ್ರಿ ಲೆಕ್ಕ ಹಾಕಿದೆ. ಡ್ರಿಲ್ಲನ್ನು ಹಿಡಿದು ತಿರುಗಿಸುವ ದಂಡ, ಅಂದರೆ ಸ್ಪಿಂಡಲ್, ನಿಮಿಷಕ್ಕೆ 600 ಸುತ್ತು, ಅಂದರೆ ಸೆಕೆಂಡಿಗೆ 10 ಸುತ್ತು ತಿರುಗುತ್ತಿತ್ತು. 12 ಮಿಲಿಮೀಟರ್ ದಪ್ಪದ ಡ್ರಿಲ್ಲಿನ ಸುತ್ತಳತೆ ಸುಮಾರು 38 ಮಿಲಿಮೀಟರ್. ಏನಾಯಿತೆಂದು ತಿಳಿದು ಕೈ ಹಿಂದಕ್ಕೆಳೆದುಕೊಳ್ಳಲು ಅರ್ಧ ಸೆಕೆಂಡು ಬೇಕೆಂದರೂ, ಅಷ್ಟರಲ್ಲಿ 19 ಸೆಂಟಿಮೀಟರ್ ಬಟ್ಟೆ, ಹತ್ತಿರ ಹತ್ತಿರ ಒಂದು ಗೇಣು, ಡ್ರಿಲ್ಲಿಗೆ ಸುತ್ತಿಕೊಂಡಿರುತ್ತದೆ. ಬರಿಗೈ ತಗುಲಿದ್ದರೆ ಚರ್ಮ ಹರಿದು, ಹೊಲಿಗೆ ಬಿದ್ದು, ಬಹುಶಃ ಅಷ್ಟಕ್ಕೇ ಮುಗಿಯುತ್ತಿತ್ತು. ಹೆಣೆದ ನೂಲು ಹರಿಯುವುದಿಲ್ಲ. ಒಳಗಿರುವ ಬೆರಳನ್ನೂ ತನ್ನೊಡನೆ ಕರೆದೊಯ್ಯುತ್ತದೆ. ಆದ್ದರಿಂದ ಡ್ರಿಲ್ಲಿಂಗ್, ಲೇತ್, ಮಿಲ್ಲಿಂಗ್ ಯಂತ್ರಗಳ ತಿರುಗುವ ಭಾಗದ ಹತ್ತಿರ ಕೈಗವಸು ಇರಲೇಬಾರದು. ಉಂಗುರ, ಕಡಗ, ದೇವಸ್ಥಾನದಲ್ಲಿ ಕಟ್ಟಿಸಿಕೊಂಡು ಬಂದ ಕೈದಾರ ಇವೂ ಇರಬಾರದು. ದಾರ ಬಿಚ್ಚಲು ಹೇಳಿದಾಗ ಕೆಲವರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ; ಆದರೂ ಹೇಳಲೇಬೇಕು. ಕೆಲಸದ ತುಂಡನ್ನು ವೈಸ್‌ನಲ್ಲಿ ಬಿಗಿಯಬೇಕು, ಸ್ಪಿಂಡಲ್ ನಿಂತ ಮೇಲೆ ಬ್ರಷ್‌ನಿಂದ ಚೂರು ತೆಗೆಯಬೇಕು.

ಲೋಹದ ಹಾಳೆಯನ್ನು ಒತ್ತಿ ಕತ್ತರಿಸುವ, ಬಗ್ಗಿಸುವ ಪವರ್ ಪ್ರೆಸ್ಸಿನ ವಿಷಯವಂತೂ ಇನ್ನೂ ಕಠೋರವಾದದ್ದು. ಸಣ್ಣ ಶೆಡ್ಡುಗಳಲ್ಲಿ ಕಾಣುವ ಹಳೆಯ ಕೀ ಕ್ಲಚ್ ಪ್ರೆಸ್ಸುಗಳು ಒಮ್ಮೆ ಪೆಡಲ್ ಒತ್ತಿದ ಮೇಲೆ ಪೂರ್ತಿ ಸುತ್ತು ಮುಗಿಸದೆ ನಿಲ್ಲುವುದಿಲ್ಲ. ಮಧ್ಯದಲ್ಲಿ ಕೈ ಬಂದಿತೆಂದು ಸೆನ್ಸರ್ ಹೇಳಿದರೂ ನಿಲ್ಲಲಾರವು. ಟನ್ನುಗಟ್ಟಲೆ ಒತ್ತಡದ ಕೆಳಗೆ ಜಗತ್ತಿನ ಯಾವ ಕೈಗವಸೂ ಬೆರಳನ್ನು ಉಳಿಸದು. ಅಲ್ಲಿ ಬೇಕಾದದ್ದು ಡೈ, ಅಂದರೆ ಒತ್ತುವ ಅಚ್ಚಿನ, ಮುಂದೆ ಕೈ ತೂರದಂತಹ ಗಾರ್ಡ್, ತುಂಡನ್ನು ಇಡಲು ತೆಗೆಯಲು ಇಕ್ಕಳ ಅಥವಾ ಅಯಸ್ಕಾಂತದ ಕೋಲು. ಎರಡೂ ಕೈಯಿಂದ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವಂತೆ ಜೋಡಿಸಿದ ಬಟನ್ನುಗಳಲ್ಲಿ ಒಂದಕ್ಕೆ ಟೇಪ್ ಸುತ್ತಿ, ಉತ್ಪಾದನೆಯ ಗುರಿ ಮುಟ್ಟಲು ಒಂದೇ ಕೈಯಲ್ಲಿ ಓಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಯುಧ ಪೂಜೆಯ ದಿನ ಅದೇ ಪ್ರೆಸ್ಸಿಗೆ ಹೂವಿನ ಹಾರ ಹಾಕಿ ಕುಂಬಳಕಾಯಿ ಒಡೆಯುತ್ತೇವೆ. ಆ ಟೇಪನ್ನು ಕಿತ್ತು ಹಾಕುವುದೂ ಪೂಜೆಯ ಭಾಗವೇ ಆಗಬೇಕೆಂದು ನನಗೆ ಅನ್ನಿಸುತ್ತದೆ. ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಬೇಕು, ಯಂತ್ರ ಓಡುತ್ತಿರುವಷ್ಟು ಹೊತ್ತೂ ಆ ತಡೆ ತನ್ನ ಜಾಗದಲ್ಲೇ ಇರಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಮು ಆಗಲೇ ಹೇಳಿತ್ತು.

ಹಾಗೆಂದು ಕೈಗವಸೇ ಬೇಡವೆಂದಲ್ಲ. ಹಾಳೆ ಎತ್ತುವವನಿಗೆ ಅದು ಬೇಕೇ ಬೇಕು, ಆದರೆ ಯಾವುದು ಎಂಬುದು ಮುಖ್ಯ. ಚುಕ್ಕಿ ಚುಕ್ಕಿ ಪಿವಿಸಿ ಅಂಟಿಸಿದ ಹತ್ತಿಯ ಗ್ಲೌಸ್ ಹಿಡಿತ ಕೊಡುತ್ತದೆಯೇ ಹೊರತು ಹಾಳೆಯ ಅಂಚನ್ನು ತಡೆಯುವುದಿಲ್ಲ. ಒಳ್ಳೆಯ ಕೈಗವಸಿನ ಹಿಂಬದಿಯಲ್ಲಿ ಯುರೋಪಿನ ಮಾನದಂಡವಾದ ಇಎನ್ 388 ಎಂಬ ಗುರುತಿನ ಕೆಳಗೆ 4ಎಕ್ಸ್43ಡಿ ಎಂಬಂತಹ ಬರಹವಿರುತ್ತದೆ. ಅದರಲ್ಲಿ ಮೊದಲಿನದು ಉಜ್ಜುವಿಕೆಗೆ, ಎರಡನೆಯದು ಹಳೆಯ ವಿಧಾನದ ಕೊಯ್ತದ ಪರೀಕ್ಷೆಗೆ, ಮೂರನೆಯದು ಹರಿಯುವಿಕೆಗೆ, ನಾಲ್ಕನೆಯದು ಚುಚ್ಚುವಿಕೆಗೆ ಸಂಬಂಧಿಸಿದ್ದು. ಎಕ್ಸ್ ಎಂದರೆ ಆ ಪರೀಕ್ಷೆ ನಡೆದಿಲ್ಲವೆಂದು ಅರ್ಥ. ಹಾಳೆಯ ಕೆಲಸದವರು ನೋಡಬೇಕಾದದ್ದು ಹೊಸ ವಿಧಾನದ ಕೊಯ್ತದ ಪರೀಕ್ಷೆಯ ಫಲ ತಿಳಿಸುವ ಕೊನೆಯ ಅಕ್ಷರವನ್ನು: ಎ ಅತಿ ಕಡಿಮೆ, ಎಫ್ ಅತಿ ಹೆಚ್ಚು ಕೊಯ್ತ ತಡೆಯುತ್ತದೆ. ಖರೀದಿ ವಿಭಾಗದವರು ಜೋಡಿಯ ಬೆಲೆ ಕೇಳುವ ಮೊದಲು ಈ ಅಕ್ಷರವನ್ನು ಕೇಳಲಿ.

ರಾಸಾಯನಿಕಗಳ ಬಳಿ ತಪ್ಪಿನ ಬೆಲೆ ಕಣ್ಣಿಗೇ ಕಾಣದು. 1996ರ ಆಗಸ್ಟ್ 14ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರಜ್ಞೆ ಕ್ಯಾರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಕೈಗವಸಿನ ಮೇಲೆ ಪಾದರಸದ ಕಡುವಿಷವಾದ ಡೈಮಿಥೈಲ್ ಮರ್ಕ್ಯುರಿಯ ಕೆಲವೇ ಹನಿಗಳು ಬಿದ್ದವು. ಅವರು ನಿಯಮದ ಪ್ರಕಾರವೇ ಕೈಗವಸು ಧರಿಸಿದ್ದರು. ಆ ದ್ರವ ಲೇಟೆಕ್ಸನ್ನು ಸುಮಾರು 15 ಸೆಕೆಂಡುಗಳಲ್ಲೇ ದಾಟುತ್ತದೆಂದು ಆಮೇಲೆ ನಡೆದ ಪರೀಕ್ಷೆಗಳು ತೋರಿಸಿದವು. 1997ರ ಜೂನ್ 8ರಂದು ಅವರು ತೀರಿಕೊಂಡರು. ನಮ್ಮ ಶೆಡ್ಡುಗಳಲ್ಲಿ ಅಷ್ಟು ಘೋರವಾದ ವಿಷವಿರಲಾರದು. ಆದರೆ ತೆಳುವಾದ ನೈಟ್ರೈಲ್ ಕೈಗವಸು ಹಾಕಿಕೊಂಡು ಅಸಿಟೋನಿನಲ್ಲಿ ಬಿಡಿಭಾಗ ತೊಳೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ಮತ್ತು ಅಸಿಟೋನ್ ಅದನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಅಲ್ಲಿ ಬ್ಯುಟೈಲ್ ರಬ್ಬರಿನದು ಬೇಕು.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುತ್ತಿದ್ದ 1923ರ ಕಾಯ್ದೆಯ ಅನುಸೂಚಿಯಲ್ಲಿ ತೋರುಬೆರಳಿನ ಎರಡು ಗೆಣ್ಣು ಕಳೆದುಕೊಂಡರೆ ದುಡಿಮೆಯ ಸಾಮರ್ಥ್ಯದ ನಷ್ಟ ಶೇ 11 ಎಂದಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು, ಅನ್ನ ಕಲಸುವುದನ್ನು ಅವನು ಹೊಸದಾಗಿ ಕಲಿಯಬೇಕಾಯಿತು. ಅದು ಯಾವ ಶೇಕಡಾವಾರಿನಲ್ಲೂ ಇಲ್ಲ. ಮೂರು ತಿಂಗಳ ಮೇಲೆ ಅವನು ಮರಳಿ ಬರುವಷ್ಟರಲ್ಲಿ ನಾನು ಹಳೆಯ ಫಲಕವನ್ನು ಇಳಿಸಿ, ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಫಲಕ ಬರೆಸಿದ್ದೆ. ಡ್ರಿಲ್ಲಿಂಗ್ ಮಷೀನಿನ ಕಂಬಕ್ಕೆ ಎರಡು ಕೊಕ್ಕೆ ಹಾಕಿಸಿದ್ದೆ: ಒಂದು ಬ್ರಷ್ ತೂಗುಹಾಕಲು, ಇನ್ನೊಂದು ಸ್ವಿಚ್ ಒತ್ತುವ ಮೊದಲು ಕೈಗವಸು ಬಿಚ್ಚಿ ತೂಗುಹಾಕಲು. ಅವನು ಬಂದು ಎರಡನೆಯ ಕೊಕ್ಕೆಯನ್ನು ಮುಟ್ಟಿ ನೋಡಿ, ಇದು ಸ್ವಿಚ್ಚಿನ ಪಕ್ಕದಲ್ಲೇ ಇದ್ದರೆ ಮರೆಯುವುದಿಲ್ಲ ಸಾರ್ ಎಂದ. ಆ ಮಧ್ಯಾಹ್ನವೇ ಅದನ್ನು ಅಲ್ಲಿಗೆ ಬದಲಾಯಿಸಿದೆವು.