ತಾಮ್ರದ ಮೇಲೆ ಮೂಡಿದ ಚುಕ್ಕೆಗಳು

ಇಸ್ತ್ರಿಪೆಟ್ಟಿಗೆಯ ಶಾಖದಿಂದ ಲೇಸರ್ ಪ್ರಿಂಟರಿನ ಮಸಿಪುಡಿಯಾದ ಟೋನರನ್ನು ತಾಮ್ರದ ಹಲಗೆಗೆ ಇಳಿಸಿ ಮನೆಯಲ್ಲೇ ಸರ್ಕ್ಯೂಟ್ ಬೋರ್ಡ್ ಮಾಡಿಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಕಾಲಿನಿಂದ ಕಾಲಿಗೆ ಕೇವಲ 0.65 ಮಿ.ಮೀ. ದೂರವಿರುವ ಒಂದು ಪುಟ್ಟ ಐಸಿಯನ್ನು ಬಳಸಬೇಕಾಗಿ ಬಂದಾಗ ಆ ವಿಧಾನ ಕೈಕೊಟ್ಟಿತು. ಟೋನರ್ ಕರಗಿ ಹರಡಿ, ಐಸಿಯ ಕಾಲುಗಳನ್ನು ಬೆಸೆಯುವ ಅಕ್ಕಪಕ್ಕದ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಹಾಗಾಗಿ ಬೆಳಕಿಗೆ ಸ್ಪಂದಿಸುವ ತೆಳುಹಾಳೆಯಾದ ಡ್ರೈ ಫಿಲ್ಮಿನ ಮೊರೆ ಹೋದೆ. ಅದನ್ನು ತಾಮ್ರಕ್ಕೆ ಅಂಟಿಸಿ, ಮೇಲೆ ನಕ್ಷೆಯ ಪಾರದರ್ಶಕ ಹಾಳೆಯಿಟ್ಟು ನೇರಳಾತೀತ ಬೆಳಕು ಬಿಟ್ಟರೆ, ಬೆಳಕು ತಾಕಿದ ಭಾಗ ಗಟ್ಟಿಯಾಗುತ್ತದೆ. ತಾಕದ ಭಾಗ ಶೇಕಡಾ 1ರಷ್ಟು ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಕರಗಿಹೋಗುತ್ತದೆ. ಇನ್ನು ಬೇಕಾಗಿದ್ದುದು ಬೆಳಕು ಮಾತ್ರ, ಅದೇನು ದೊಡ್ಡ ಸಂಗತಿ ಎಂದುಕೊಂಡಿದ್ದೆ.

ಎಲೆಕ್ಟ್ರಾನಿಕ್ಸ್ ಹವ್ಯಾಸವಿರುವ ಯಾರಿಗಾದರೂ ಮೊದಲು ಹೊಳೆಯುವುದು ಎಲ್‌ಇಡಿಯೇ. 5 ಮಿ.ಮೀ.ನ ಅರವತ್ತು ನೇರಳೆ ಎಲ್‌ಇಡಿಗಳನ್ನು 20 ಮಿ.ಮೀ. ಅಂತರದಲ್ಲಿ ಬೆಸೆದು, ಮೂರು ಮೂರರ ಸರಣಿ ಮಾಡಿ, ಪ್ರತಿ ಸರಣಿಗೂ 120 ಓಮ್‌ನ ರೆಸಿಸ್ಟರ್ ಹಾಕಿ 12 ವೋಲ್ಟ್ ಕೊಟ್ಟಾಗ ಕೋಣೆಯೆಲ್ಲ ನೇರಳೆಯಾಯಿತು. ಆ ಹೊಳಪು ನೋಡಿಯೇ ನಾನು ಮೋಸಹೋದೆ ಎನ್ನಬೇಕು. ಭಾನುವಾರ ಬೆಳಿಗ್ಗೆ ಈ ಎಲ್‌ಇಡಿ ಹಲಗೆಯನ್ನು 40 ಮಿ.ಮೀ. ಎತ್ತರದಲ್ಲಿ ಹಿಡಿದು ಮೊದಲ ಬೋರ್ಡಿಗೆ ಬೆಳಕು ಕೊಟ್ಟು, ಸೋಡಾ ನೀರಿನಲ್ಲಿ ಮುಳುಗಿಸಿ ಹಳೆಯ ಟೂತ್‌ಬ್ರಷ್ಷಿನಿಂದ ಮೆಲ್ಲಗೆ ಉಜ್ಜುತ್ತಿದ್ದಂತೆ, ನಕ್ಷೆಯ ಬದಲು ಚುಕ್ಕೆಗಳು ಎದ್ದುಬಂದವು. ಒಂದೊಂದು ಎಲ್‌ಇಡಿಯ ನೇರ ಕೆಳಗೆ ಫಿಲ್ಮ್ ಕಡುನೀಲಿಗೆ ತಿರುಗಿ ಟ್ರ್ಯಾಕುಗಳ, ಅಂದರೆ ವಿದ್ಯುತ್ ಹರಿಯುವ ಗೆರೆಗಳ, ನಡುವಿನ ಸಂದುಗಳೂ ಮುಚ್ಚಿಹೋಗಿದ್ದರೆ, ಎರಡು ಎಲ್‌ಇಡಿಗಳ ನಡುವಿನ ಜಾಗದಲ್ಲಿ ಫಿಲ್ಮ್ ತಿಳಿನೀಲಿಯಾಗಿಯೇ ಉಳಿದು ಟ್ರ್ಯಾಕುಗಳೇ ನೀರಿನೊಂದಿಗೆ ಕೊಚ್ಚಿಹೋಗಿದ್ದವು. ಚುಕ್ಕೆಯಿಂದ ಚುಕ್ಕೆಗೆ ಸ್ಕೇಲ್ ಇಟ್ಟು ಅಳೆದರೆ ಸರಿಯಾಗಿ 20 ಮಿ.ಮೀ. ಇತ್ತು.

ಕಾರಣ ಸರಳವಾಗಿತ್ತು; ಮೊದಲೇ ಲೆಕ್ಕ ಹಾಕಲಿಲ್ಲವೆಂಬುದಷ್ಟೇ ನಾಚಿಕೆಯ ವಿಷಯ. ಈ ಎಲ್‌ಇಡಿಗಳ ಬೆಳಕು ಸುಮಾರು 30 ಡಿಗ್ರಿಯ ಕೋನದೊಳಗೆ ಬೀಳುವುದರಿಂದ 40 ಮಿ.ಮೀ. ಕೆಳಗೆ ಅದರ ವೃತ್ತ 21 ಮಿ.ಮೀ. ಅಗಲವಾಗುತ್ತದೆ, ಅಂದರೆ ಒಂದರ ಅಂಚು ಇನ್ನೊಂದರ ಅಂಚನ್ನು ಮುಟ್ಟುತ್ತದೆಯೇ ಹೊರತು ಬೆರೆಯುವುದಿಲ್ಲ. ಹಲಗೆಯನ್ನು 120 ಮಿ.ಮೀ.ಗೆ ಎತ್ತಿದಾಗ ಚುಕ್ಕೆಗಳು ಮಾಯವಾದವು, ಆದರೆ ಬೋರ್ಡಿನ ಅಂಚುಗಳು ಸೊರಗಿದವು ಮತ್ತು ಹತ್ತು ನಿಮಿಷ ಕಾದರೂ ಸಾಲದೆಂಬಂತಾಯಿತು. ಎಲ್‌ಇಡಿಗಳ ಪೊಟ್ಟಣದ ಚೀಟಿಯನ್ನು ಆಮೇಲೆ ಓದಿದೆ: ತರಂಗಾಂತರ 395ರಿಂದ 405 ನ್ಯಾನೋಮೀಟರ್. ನನ್ನ ಫಿಲ್ಮ್ ಚೆನ್ನಾಗಿ ಸ್ಪಂದಿಸುವುದು 365ರ ಆಸುಪಾಸಿನ ಬೆಳಕಿಗೆ; 400 ದಾಟುತ್ತಿದ್ದಂತೆ ಅದರ ಚುರುಕು ಇಳಿಯುತ್ತದೆ. ಕೋಣೆ ತುಂಬಿದ್ದ ಆ ನೇರಳೆ ಬೆಳಕು ಹೆಚ್ಚಾಗಿ ನನ್ನ ಕಣ್ಣಿಗೆ ಬಂದಿತ್ತೇ ವಿನಾ ಫಿಲ್ಮಿಗೆ ದಕ್ಕಿರಲಿಲ್ಲ.

ಹೊತ್ತು ಏರಿತ್ತು, ಬಿಸಿಲು ಚೆನ್ನಾಗಿತ್ತು. ಬೋರ್ಡನ್ನು ಗಾಜಿನ ಕೆಳಗೆ ಒತ್ತಿ ಹಿಡಿದು ನಲವತ್ತು ಸೆಕೆಂಡು ಬಿಸಿಲಿಗೆ ಒಡ್ಡಿದೆ. ಆ ದಿನ ನಾನು ಕಂಡ ಅತ್ಯಂತ ಚೂಪಾದ ಗೆರೆಗಳು ಅವೇ. ಸೂರ್ಯನ ಬಿಂಬ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿಯಷ್ಟೇ ಅಗಲವಿರುವುದರಿಂದ ಕಿರಣಗಳು ಹೆಚ್ಚುಕಡಿಮೆ ಸಮಾಂತರವಾಗಿ ಬಂದು, ಹಾಳೆಯ ಕಪ್ಪು ಗೆರೆಯ ಅಡಿಗೆ ನುಸುಳುವುದೇ ಇಲ್ಲ. ಅದೇ ಉತ್ಸಾಹದಲ್ಲಿ ಎರಡನೆಯ ಬೋರ್ಡನ್ನು ಹಿಡಿದಾಗ, ಅಷ್ಟೇ ಸೆಕೆಂಡುಗಳಲ್ಲಿ ಒಂದು ತೆಳುಮೋಡ ಹಾದುಹೋಗಿ ಅರ್ಧದಷ್ಟು ಟ್ರ್ಯಾಕುಗಳು ಸೋಡಾ ನೀರಿನ ಪಾಲಾದವು. ಸೂರ್ಯನಿಗಿಂತ ಒಳ್ಳೆಯ ದೀಪವಿಲ್ಲ ಎಂದು ಈಗಲೂ ಒಪ್ಪುತ್ತೇನೆ, ಆದರೆ ಅವನಿಗೆ ಟೈಮರ್ ಹೊಂದಿಸಲು ಬರುವುದಿಲ್ಲ.

ಉಳಿದದ್ದು ಟ್ಯೂಬುಗಳು. ಕೀಟಗಳನ್ನು ಸೆಳೆಯುವ ಯಂತ್ರಗಳಲ್ಲಿರುವ 8 ವ್ಯಾಟ್‌ನ, 29 ಸೆಂ.ಮೀ.ಗೆ ತುಸು ಕಡಿಮೆ ಉದ್ದದ ಟ್ಯೂಬುಗಳ ಬೆಳಕು ಹೆಚ್ಚಾಗಿ 365ರ ಸುತ್ತಲೇ ಇರುತ್ತದೆ ಎಂದು ತಿಳಿದು ನಾಲ್ಕನ್ನು ತಂದಿಟ್ಟಿದ್ದೆ. ತರುವಾಗ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತ್ತು. ಯುವಿ (ನೇರಳಾತೀತ) ಟ್ಯೂಬ್ ಎಂದು ಕೇಳಿದ್ದಕ್ಕೆ ಮೊದಲು ನನ್ನ ಕೈಗೆ ಬಂದದ್ದು ಅದೇ ಅಳತೆಯ, ಅದೇ ಪಿನ್ನುಗಳ, ಆದರೆ ಒಳಗೆ ಪುಡಿಯ ಲೇಪವಿಲ್ಲದೆ ನೀರಿನಷ್ಟು ತಿಳಿಯಾಗಿದ್ದ ಗಾಜಿನ ಟ್ಯೂಬು. ಅದು ಕ್ರಿಮಿಗಳನ್ನು ಕೊಲ್ಲುವ 254 ನ್ಯಾನೋಮೀಟರಿನದು. ಕಣ್ಣನ್ನೂ ಚರ್ಮವನ್ನೂ ಸುಡುವಂಥದ್ದು. ಸಾಲದ್ದಕ್ಕೆ ಆ ಕಿರಣ ಸಾಮಾನ್ಯ ಗಾಜನ್ನು ದಾಟುವುದೂ ಇಲ್ಲವಾದ್ದರಿಂದ, ಗಾಜಿನಡಿಯ ಬೋರ್ಡಿಗೆ ಏನೂ ಆಗದೆ ನನಗೆ ಮಾತ್ರ ಪೆಟ್ಟು ಬೀಳುತ್ತಿತ್ತು.

ಮಧ್ಯಾಹ್ನ ಟ್ಯೂಬುಗಳನ್ನು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಕೂರಿಸಿ, ಒಡೆಯುವ ಭಯವಿಲ್ಲದಿರಲೆಂದು ಗಾಜಿನ ಬದಲು ಪಾಲಿಕಾರ್ಬೊನೇಟ್ ಹಾಳೆ ಹಾಕಿದೆ. ನಾಲ್ಕು ನಿಮಿಷ ಬೆಳಕು ಕೊಟ್ಟರೂ ಫಿಲ್ಮಿನ ಬಣ್ಣ ಬದಲಾಗಲಿಲ್ಲ. ಟ್ಯೂಬುಗಳನ್ನೇ ಅನುಮಾನಿಸಿ, ಕಣ್ಣಿಗೆ ಯುವಿ ತಡೆಯುವ ಕನ್ನಡಕ ಹಾಕಿಕೊಂಡು ಅವುಗಳ ಮುಂದೆ ಒಂದು ಬಿಳಿ ಕಾಗದ ಹಿಡಿದೆ. ಕಾಗದದಲ್ಲಿ ಬೆಳ್ಳಗೆ ಕಾಣಲೆಂದು ಬೆರೆಸುವ ರಾಸಾಯನಿಕ ನೇರಳಾತೀತಕ್ಕೆ ನೀಲಿಯಾಗಿ ಬೆಳಗುತ್ತದೆ; ಅದು ಚೆನ್ನಾಗಿಯೇ ಬೆಳಗಿತು. ಪಾಲಿಕಾರ್ಬೊನೇಟನ್ನು ನಡುವೆ ಸರಿಸಿದೊಡನೆ ಯಾರೋ ಊದಿ ಆರಿಸಿದಂತೆ ಆ ಬೆಳಗು ನಂದಿಹೋಗಿ, ಮಂಕು ನೇರಳೆಯೊಂದೇ ಉಳಿಯಿತು. ಹಾಳೆ ತೆಗೆದೆ, ಮತ್ತೆ ಬೆಳಗಿತು. ಸಾಮಾನ್ಯ ಕಿಟಕಿಗಾಜನ್ನು ಹಿಡಿದಾಗ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ದುಬಾರಿ ಮೀಟರ್ ಇಲ್ಲದವರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ.

ಗಾಜು ಹಾಕಿದ ಮೇಲೆ ಉಳಿದದ್ದು ಸಮಯ ನಿಗದಿ. ಮಂದ ಹಳದಿ ದೀಪದಲ್ಲಿ ಕುಳಿತು ಒಂದು ತುಂಡು ಬೋರ್ಡಿನ ಮೇಲೆ ರಟ್ಟನ್ನು ಮೂವತ್ತು ಸೆಕೆಂಡಿಗೊಮ್ಮೆ ಒಂದೊಂದು ಬೆರಳಗಲ ಸರಿಸುತ್ತ ಎಂಟು ಪಟ್ಟಿಗಳನ್ನು ಮಾಡಿದೆ. ಟ್ಯೂಬುಗಳು ಬಿಸಿಯಾಗಿ ಸ್ಥಿರವಾಗಲು ಹೊತ್ತು ಬೇಕಾದ್ದರಿಂದ ಅವನ್ನು ಮೊದಲೇ ಕೆಲವು ನಿಮಿಷ ಉರಿಸಿಟ್ಟಿದ್ದೆ. ಅರವತ್ತು ಸೆಕೆಂಡಿನ ಪಟ್ಟಿಯಲ್ಲಿ ಟ್ರ್ಯಾಕುಗಳು ಉದುರುತ್ತಿದ್ದವು, ನೂರೈವತ್ತರಿಂದ ಮುಂದೆ ಸಂದುಗಳು ಮುಚ್ಚುತ್ತಿದ್ದವು, ನೂರಿಪ್ಪತ್ತನ್ನು ಹಿಡಿದುಕೊಂಡೆ. ಟ್ಯೂಬಿನ ಬೆಳಕು ಎಲ್ಲ ದಿಕ್ಕಿನಿಂದಲೂ ಬೀಳುವುದರಿಂದ ಹಾಳೆಯ ಮುದ್ರಣದ ಬದಿ ಫಿಲ್ಮಿಗೆ ತಾಗಿಕೊಂಡೇ ಇರಬೇಕು, ಇಲ್ಲವಾದರೆ ಹಾಳೆಯ ದಪ್ಪದಷ್ಟು ಸಂದಿನಲ್ಲೇ ಬೆಳಕು ಓರೆಯಾಗಿ ನುಸುಳುತ್ತದೆ. ಹಾಗಾಗಿ ನಕ್ಷೆಯನ್ನು ತಿರುವುಮುರುವಾಗಿ ಮುದ್ರಿಸಿಕೊಂಡೆ.

ರಾತ್ರಿ, ಫಿಲ್ಮ್ ಮುಚ್ಚದ ತಾಮ್ರವನ್ನು ಕರಗಿಸುವ ಫೆರಿಕ್ ಕ್ಲೋರೈಡಿನಿಂದ ತೆಗೆದ ಬೋರ್ಡನ್ನು ಭೂತಗನ್ನಡಿಯಲ್ಲಿ ನೋಡಿದಾಗ ಐಸಿಯ ಪ್ಯಾಡುಗಳು ಬಿಡಿಬಿಡಿಯಾಗಿ ನಿಂತಿದ್ದವು. ಬಿಸಿಲಿನ ಬೋರ್ಡಿನಷ್ಟು ಚೂಪಾಗಿರಲಿಲ್ಲ, ಆದರೆ ಮರುದಿನ ಮಾಡಿದ ಎರಡೂ ಬೋರ್ಡುಗಳು ಹಾಗೆಯೇ ಬಂದವು. ಅರವತ್ತು ಎಲ್‌ಇಡಿಯ ಹಲಗೆಯನ್ನು ಬಿಸಾಡಲಿಲ್ಲ. ಬೆಳಕಿಗೆ ಗಟ್ಟಿಯಾಗುವ ಹಸಿರು ರಕ್ಷಣಾ ಲೇಪವಾದ ಸೋಲ್ಡರ್ ಮಾಸ್ಕ್ ಬಳಿದ ಬೋರ್ಡುಗಳನ್ನು ಈಗ ಅದರ ಕೆಳಗೆ ಒಣಗಿಸುತ್ತೇನೆ. ಬೋರ್ಡಿಗೆ ಪೂರ್ತಿ ಬಳಿದು, ಗಟ್ಟಿಯಾದ ಮೇಲೆ ಪ್ಯಾಡುಗಳ ಮೇಲಿನದನ್ನು ಕೆರೆದು ತೆಗೆಯುವವನು ನಾನಾದ್ದರಿಂದ, ಎಲ್ಲಿ ಬೆಳಕು ಹೆಚ್ಚು ಬಿದ್ದರೂ ನಷ್ಟವಿಲ್ಲ.