ಖಿನ್ನತೆ ಹೋದ ಮೇಲೆ ಉಳಿದ ಖಾಲಿ ಜಾಗ

ಖಿನ್ನತೆಗೆ ಚಿಕಿತ್ಸೆ ಆರಂಭಿಸಿ ಹನ್ನೊಂದು ತಿಂಗಳಾದ ಮೇಲೆ, ಪ್ರತಿ ಭೇಟಿಯಲ್ಲೂ ನಾನು ತುಂಬಿಕೊಡುತ್ತಿದ್ದ ಒಂಬತ್ತು ಪ್ರಶ್ನೆಗಳ ಹಾಳೆಯನ್ನು ನೋಡಿದ ವೈದ್ಯರು, ಅಂಕಗಳು ಈಗ ಸಾಮಾನ್ಯ ಮಟ್ಟಕ್ಕೆ ಬಂದಿವೆ ಎಂದರು. ಅವರು ಹೇಳಿದ್ದು ನಿಜ. ನಿದ್ದೆ ಬರುತ್ತಿತ್ತು, ಹಸಿವಾಗುತ್ತಿತ್ತು, ಬೆಳಗ್ಗೆ ಹಾಸಿಗೆ ಬಿಟ್ಟೇಳುವುದು ಮೊದಲಿನಷ್ಟು ಭಾರವಾಗಿರಲಿಲ್ಲ. ಆದರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ, ನಾಳೆಗಾಗಿ ಕಾಯುವಂಥದ್ದು ಏನೂ ಇರಲಿಲ್ಲ. ಕಾಯಿಲೆ ಹೋಗಿದೆ, ಆದರೆ ಅದು ಇದ್ದ ಜಾಗಕ್ಕೆ ಬೇರೇನೂ ಬಂದಿಲ್ಲ ಎಂದು ಆಪ್ತಸಮಾಲೋಚಕಿಯ ಮುಂದೆ ಹೇಳಿಕೊಂಡಾಗ, ಅವರು ಅದನ್ನು ನನ್ನ ಅತೃಪ್ತಿ ಎಂದು ತಳ್ಳಿಹಾಕದೆ, ಆ ಸ್ಥಿತಿಗೂ ಒಂದು ಹೆಸರಿದೆ ಎಂದರು. ಕಾಯಿಲೆಯನ್ನಷ್ಟೇ ಅಲ್ಲ, ಬದುಕಿನ ಒಳಿತನ್ನೂ ಅಭ್ಯಸಿಸುವ ಸಕಾರಾತ್ಮಕ ಮನೋವಿಜ್ಞಾನದ (ಪಾಸಿಟಿವ್ ಸೈಕಾಲಜಿ) ಬಗ್ಗೆ ನಾನು ಓದತೊಡಗಿದ್ದು ಆ ದಿನದಿಂದ.

ಅವರು ಹೇಳಿದ ಹೆಸರು ‘ಲ್ಯಾಂಗ್ವಿಶಿಂಗ್’, ಅಂದರೆ ಒಳಗೇ ಸೊರಗುವುದು. ಅದು ಸಮಾಜಶಾಸ್ತ್ರಜ್ಞ ಕೋರಿ ಕೀಸ್ ಅವರ ಕೆಲಸದಿಂದ ಬಂದದ್ದು. ಕೀಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 3,032 ವಯಸ್ಕರ ಮಾಹಿತಿಯನ್ನು ಪರಿಶೀಲಿಸಿ, ಮಾನಸಿಕ ಕಾಯಿಲೆ ಮತ್ತು ಮಾನಸಿಕ ಆರೋಗ್ಯ ಎರಡೂ ಒಂದೇ ಗೆರೆಯ ಎರಡು ತುದಿಗಳಲ್ಲ, ಅವನ್ನು ಬೇರೆ ಬೇರೆಯಾಗಿ ಅಳೆಯಬೇಕು ಎಂದು ವಾದಿಸಿದರು. ಅವರ ಲೆಕ್ಕದಲ್ಲಿ ನಿಜವಾಗಿ ಅರಳಿದ ಸ್ಥಿತಿಯಲ್ಲಿದ್ದವರು ಶೇ. 17.2 ಮಾತ್ರ. ಖಿನ್ನತೆಯ ಲಕ್ಷಣಗಳಿಲ್ಲದಿದ್ದರೂ ಒಳಗೇ ಸೊರಗಿದ್ದವರು ಶೇ. 12.1. ನಾನು ಆ ಎರಡನೆಯ ಗುಂಪಿನಲ್ಲಿದ್ದೆ. ನನ್ನ ಹಾಳೆಯಲ್ಲಿದ್ದ ಒಂಬತ್ತೂ ಪ್ರಶ್ನೆಗಳು ತೊಂದರೆ ಎಷ್ಟಿದೆ ಎಂದು ಕೇಳುತ್ತಿದ್ದವೇ ಹೊರತು, ಒಳ್ಳೆಯದು ಏನಾದರೂ ಇದೆಯೇ ಎಂದು ಒಂದೂ ಕೇಳುತ್ತಿರಲಿಲ್ಲ.

ಈ ಕೊರತೆಯನ್ನೇ ಮಾರ್ಟಿನ್ ಸೆಲಿಗ್‌ಮನ್ 1998ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷರಾಗಿದ್ದಾಗ ಎತ್ತಿ ತೋರಿಸಿದರು. ಎರಡನೇ ಮಹಾಯುದ್ಧದ ನಂತರ ಮನೋವಿಜ್ಞಾನವು ರೋಗವನ್ನು ಗುರುತಿಸಿ ಗುಣಪಡಿಸುವುದರಲ್ಲಿ ಬಹಳ ದೂರ ಬಂದಿದೆ, ಆದರೆ ಬದುಕನ್ನು ಬದುಕಲು ಯೋಗ್ಯವಾಗಿಸುವುದು ಯಾವುದು ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಅಭ್ಯಸಿಸಿಲ್ಲ ಎಂಬುದು ಅವರ ಮಾತಿನ ಸಾರವಾಗಿತ್ತು. ಮನೋವಿಜ್ಞಾನಕ್ಕೆ ಸಂಬಂಧಿಸಿ ‘ಸಕಾರಾತ್ಮಕ’ ಎಂಬ ವಿಶೇಷಣವನ್ನು ಏಬ್ರಹಾಂ ಮ್ಯಾಸ್ಲೊ 1954ರಷ್ಟು ಹಿಂದೆಯೇ ಬಳಸಿದ್ದರು. ಆದರೆ ಅದು ಅಳತೆ, ಪ್ರಯೋಗ, ಹೋಲಿಕೆಗಳಿರುವ ಸಂಶೋಧನಾ ಕ್ಷೇತ್ರವಾಗಿ ಬೆಳೆದದ್ದು ಸೆಲಿಗ್‌ಮನ್ ಅವರ ಕಾಲದಲ್ಲಿ.

ನನಗೆ ಸೂಚಿಸಿದ ಅಭ್ಯಾಸ ತೀರಾ ಸರಳವಾಗಿತ್ತು. ರಾತ್ರಿ ಮಲಗುವ ಮುನ್ನ, ಅಂದು ನಡೆದ ಮೂರು ಒಳ್ಳೆಯ ಸಂಗತಿಗಳನ್ನು ಬರೆಯಬೇಕು, ಪ್ರತಿಯೊಂದರ ಎದುರಿಗೂ ಅದು ಏಕೆ ನಡೆಯಿತು ಎಂದು ಬರೆಯಬೇಕು. ಸೆಲಿಗ್‌ಮನ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನು ಒಂದು ವಾರ ಮಾಡಿದವರಲ್ಲಿ, ಬಾಲ್ಯದ ನೆನಪುಗಳನ್ನು ಬರೆದ ಹೋಲಿಕೆಯ ಗುಂಪಿಗಿಂತ ಸಂತೋಷ ಹೆಚ್ಚಿತ್ತು, ಖಿನ್ನತೆಯ ಲಕ್ಷಣಗಳು ಕಡಿಮೆಯಿದ್ದವು. ಆರು ತಿಂಗಳ ನಂತರವೂ ಆ ವ್ಯತ್ಯಾಸ ಕಾಣುತ್ತಿತ್ತು. ವಾರ ಮುಗಿದ ಮೇಲೂ ತಾವಾಗಿಯೇ ಬರೆಯುವುದನ್ನು ಮುಂದುವರಿಸಿದವರಿಗೆ ಲಾಭ ಹೆಚ್ಚಾಗಿತ್ತು.

ನನ್ನ ಮೊದಲ ರಾತ್ರಿಯ ಪುಟದಲ್ಲಿ ‘ನಿದ್ದೆ ಬಂತು, ತಲೆನೋವಿರಲಿಲ್ಲ, ಮಳೆ ನಿಂತಿತು’ ಎಂದಿದೆ. ‘ಏಕೆ’ ಎಂಬ ಕಡೆ ಮೂರೂ ಸಾಲು ಖಾಲಿ. ಮಳೆ ಏಕೆ ನಿಂತಿತು ಎಂದು ಏನು ಬರೆಯುವುದು? ಐದನೆಯ ರಾತ್ರಿ ‘ತಂಗಿ ಫೋನ್ ಮಾಡಿದಳು, ಅರ್ಧ ಗಂಟೆ ಮಾತಾಡಿದೆವು’ ಎಂದು ಬರೆದು, ಏಕೆ ಎಂದು ಯೋಚಿಸುತ್ತಾ ಪೆನ್ನು ಹಿಡಿದು ಕುಳಿತೆ. ತಿಂಗಳುಗಟ್ಟಲೆ ಅವಳ ಸಂದೇಶಗಳಿಗೆ ಉತ್ತರ ಕೊಡದಿದ್ದ ನಾನು, ಹಿಂದಿನ ದಿನ ಎರಡು ಸಾಲು ಬರೆದು ಕಳಿಸಿದ್ದೆ. ಹಾಗಾಗಿ ‘ನಾನು ಉತ್ತರ ಕೊಟ್ಟಿದ್ದರಿಂದ’ ಎಂದು ಬರೆದೆ. ಒಳ್ಳೆಯದೊಂದು ನಡೆದದ್ದರಲ್ಲಿ ನನ್ನ ಕೈಯೂ ಇದೆ ಎಂದು ನನ್ನದೇ ಅಕ್ಷರದಲ್ಲಿ ಓದಿ ಎಷ್ಟು ಕಾಲವಾಗಿತ್ತೋ!

ಈ ‘ಏಕೆ’ ಎಂಬ ಪ್ರಶ್ನೆಯಲ್ಲೇ ಅಭ್ಯಾಸದ ಜೀವವಿದೆ ಎಂಬುದು ನನ್ನ ನಂಬಿಕೆ. ಇದೇ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ನಡೆಸಿದ, ಈಗ ಓದಿದರೆ ಸಂಕಟವಾಗುವ ಪ್ರಯೋಗಗಳಲ್ಲಿ, ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ಒಂದು ಗಿಡ್ಡ ಅಡ್ಡಗೋಡೆ ಹಾರಿದರೆ ಪಾರಾಗಬಹುದಾದ ಕಡೆಯೂ ಸುಮ್ಮನೆ ಮಲಗಿಬಿಟ್ಟವು. ಅಸಹಾಯಕತೆಯನ್ನು ಅವು ಕಲಿತಿವೆ ಎಂದು ಆಗ ವಿವರಿಸಲಾಯಿತು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಮಿದುಳಿನ ಸಂಶೋಧನೆಗಳನ್ನು ಆಧರಿಸಿ ಇಬ್ಬರೂ ತಮ್ಮ ವಿವರಣೆಯನ್ನೇ ತಿರುಗಿಸಿದರು: ದೀರ್ಘ ಸಂಕಟದಲ್ಲಿ ಸುಮ್ಮನಾಗುವುದು ಜೀವಿಯ ಸಹಜ ಪ್ರತಿಕ್ರಿಯೆ, ಅದನ್ನು ಕಲಿಯಬೇಕಾಗಿಲ್ಲ, ಕಲಿಯಬೇಕಾದದ್ದು ಪರಿಸ್ಥಿತಿ ಸ್ವಲ್ಪವಾದರೂ ತನ್ನ ಹಿಡಿತದಲ್ಲಿದೆ ಎಂಬುದನ್ನು. ಖಿನ್ನತೆಯ ದಿನಗಳಲ್ಲಿ ನನ್ನನ್ನು ಸೋಮಾರಿ ಎಂದು ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ. ಆ ಸಂಗತಿಯನ್ನು ಓದಿದಾಗ ಕಣ್ಣು ತುಂಬಿ ಬಂತು.

ಇಷ್ಟು ಹೇಳಿದ ಮೇಲೆ, ‘ಪಾಸಿಟಿವ್ ಆಗಿರಿ’ ಎಂಬ ಉಪದೇಶಕ್ಕೂ ಈ ಶಾಸ್ತ್ರಕ್ಕೂ ಇರುವ ಅಂತರವನ್ನು ಹೇಳದಿರಲಾರೆ. ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾನು ಪ್ರೀತಿಗೆ ಅರ್ಹ ವ್ಯಕ್ತಿ ಎಂಬ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ತಮ್ಮ ಬಗ್ಗೆ ಕೀಳರಿಮೆ ಇದ್ದವರ ಮನಸ್ಸು ಇನ್ನಷ್ಟು ಕುಗ್ಗಿತು. ಯಾರಿಗೆ ಆ ಮಾತು ಹೆಚ್ಚು ಬೇಕಿತ್ತೋ ಅವರಿಗೇ ಅದು ಚುಚ್ಚಿತು. ಒಳಗೆ ನಂಬಿಕೆಯಿಲ್ಲದ ಮಾತನ್ನು ಬಾಯಿಂದ ಹೇಳಿಸುವುದಕ್ಕೂ, ನಿಜವಾಗಿ ನಡೆದ ಚಿಕ್ಕ ಸಂಗತಿಯೊಂದನ್ನು ಗಮನಿಸುವುದಕ್ಕೂ ಅಜಗಜಾಂತರವಿದೆ. ದುಃಖದಲ್ಲಿರುವವರಿಗೆ ದಯವಿಟ್ಟು ನಗುನಗುತ್ತಾ ಇರಲು ಹೇಳಬೇಡಿ.

ಇಂಥ ಅಭ್ಯಾಸಗಳು ಔಷಧಿಗೆ ಬದಲಿಯೂ ಅಲ್ಲ. 39 ಅಧ್ಯಯನಗಳನ್ನು, ಒಟ್ಟು 6,139 ಜನರ ಮಾಹಿತಿಯನ್ನು ಒಗ್ಗೂಡಿಸಿದ 2013ರ ವಿಶ್ಲೇಷಣೆಯೊಂದು ಇವುಗಳಿಂದ ಯೋಗಕ್ಷೇಮ ಹೆಚ್ಚುತ್ತದೆ, ಖಿನ್ನತೆಯ ಲಕ್ಷಣಗಳು ತಗ್ಗುತ್ತವೆ, ಆದರೆ ಪರಿಣಾಮ ಚಿಕ್ಕದು ಎಂದು ತೋರಿಸಿತು. ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಯಾರಾದರೂ ಮೂರು ಒಳ್ಳೆಯ ಸಂಗತಿಗಳನ್ನು ಬರೆ ಎಂದು ನನ್ನ ಕೈಗೆ ಖಾಲಿ ಪುಸ್ತಕ ಕೊಟ್ಟಿದ್ದರೆ ನಾನು ಒಂದು ಸಾಲನ್ನೂ ಬರೆಯುತ್ತಿರಲಿಲ್ಲ. ಬರೆಯಲಾಗಲಿಲ್ಲವಲ್ಲ ಎಂದು ಇನ್ನಷ್ಟು ಕುಗ್ಗುತ್ತಿದ್ದೆ. ಅಂಕ ಸಾಮಾನ್ಯಕ್ಕೆ ಇಳಿದ ಮೇಲೆ ಬಂದದ್ದರಿಂದಲೇ ಅದು ನನಗೆ ಒದಗಿತು.

ಈಗ ದಿನವೂ ಬರೆಯುವುದಿಲ್ಲ, ಭಾನುವಾರ ರಾತ್ರಿ ಮಾತ್ರ. ಸೋನ್ಯಾ ಲ್ಯುಬೊಮಿರ್‌ಸ್ಕಿ ಅವರ ಸಂಶೋಧನೆಯೊಂದರಲ್ಲಿ, ಕೃತಜ್ಞತೆಯ ಸಂಗತಿಗಳನ್ನು ವಾರಕ್ಕೊಮ್ಮೆ ನೆನೆದವರಿಗೆ ಪ್ರಯೋಜನವಾಗಿತ್ತು, ಮೂರು ಬಾರಿ ನೆನೆದವರಿಗೆ ಆಗಿರಲಿಲ್ಲ ಎಂದು ಓದಿ ಹೀಗೆ ಬದಲಿಸಿಕೊಂಡೆ. ಕಳೆದ ಭಾನುವಾರದ ಪುಟದಲ್ಲಿ ಗೆಳತಿಯೊಬ್ಬಳ ವಿಷಯವಿದೆ. ಬಹಳ ದಿನದಿಂದ ಕಾಯುತ್ತಿದ್ದ ಕೆಲಸ ಸಿಕ್ಕಿತೆಂದು ಅವಳು ಫೋನ್ ಮಾಡಿದ್ದಳು. ಹಿಂದೆ ಆಗಿದ್ದರೆ ಒಳ್ಳೆಯದಾಯಿತು ಎಂದು ಮುಗಿಸಿಬಿಡುತ್ತಿದ್ದೆ. ಈ ಬಾರಿ, ಸುದ್ದಿ ಬಂದಾಗ ಎಲ್ಲಿದ್ದೆ, ಮೊದಲು ಯಾರಿಗೆ ಹೇಳಿದೆ, ಅವರು ಏನಂದರು ಎಂದು ಒಂದೊಂದಾಗಿ ಕೇಳಿದೆ. ಅವಳು ಆ ಗಳಿಗೆಯನ್ನು ಮೊದಲಿನಿಂದ ಹೇಳುತ್ತಾ ಹೇಳುತ್ತಾ ನಗತೊಡಗಿದಳು, ನಾನೂ ನಕ್ಕೆ. ಅದರ ಎದುರಿಗೆ ‘ಏಕೆ’ ಎಂಬಲ್ಲಿ ಹೀಗೆ ಬರೆದಿದ್ದೇನೆ: ‘ನನಗೆ ಕೇಳಬೇಕೆನ್ನಿಸಿತು.’