ಸಿನ್ಯೋರಾ ಒಲಾಲ್ಕೆರೆ ಮತ್ತು ಉಪ್ಪಿಲ್ಲದ ಬ್ರೆಡ್ಡು

ಹೊಳಲ್ಕೆರೆ ನನ್ನ ಮನೆತನದ ಹೆಸರಲ್ಲ, ನಮ್ಮೂರು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಖಾನೆ ಖಾಲಿ ಬಿಟ್ಟರೆ ಮುಂದೆ ಎಲ್ಲದಕ್ಕೂ ತೊಡಕು ಎಂದು ಏಜೆಂಟ್ ಹೆದರಿಸಿದ್ದಕ್ಕೆ, ಅಪ್ಪ ನನ್ನ ಇನಿಷಿಯಲ್ಲಿನ ಎಚ್ ಅನ್ನು ಬಿಡಿಸಿ ಬರೆಸಿದರು. ಹಾಗಾಗಿ ಇಟಲಿ ಸರ್ಕಾರದ ಲೆಕ್ಕದಲ್ಲಿ ನಾನು ಬಯಲು ಗಣಪನ ಊರನ್ನೇ ಹೊತ್ತು ತಿರುಗುವ ಹೆಂಗಸು. ಇಟಾಲಿಯನ್ನರ ನಾಲಗೆಗೆ ಹಕಾರ ಬರುವುದಿಲ್ಲ. ಬೋರ್ಡಿನ ಮೇಲೆ ಎಚ್ ಹಾಕಿ ಹೋಟೆಲ್ ಎಂದೇ ಬರೆಯುತ್ತಾರೆ, ಬಾಯಲ್ಲಿ ಮಾತ್ರ ಅದು 'ಓಟೆಲ್'. ಪೆರೂಜಾದ ಅಂಥದೊಂದು ಓಟೆಲಿನಲ್ಲಿ ನಾಲ್ಕು ರಾತ್ರಿ ನಾನು ಸಿನ್ಯೋರಾ, ಅಂದರೆ ಶ್ರೀಮತಿ, ಒಲಾಲ್ಕೆರೆ ಆಗಿದ್ದೆ.

ನಾನಿರುವುದು ಬೊಲೋನ್ಯಾದಲ್ಲಿ, ರಸಾಯನಶಾಸ್ತ್ರದ ಲ್ಯಾಬೊಂದರಲ್ಲಿ ಕೆಲಸ. ನಮ್ಮಲ್ಲಿಲ್ಲದ ಒಂದು ಉಪಕರಣ ಪೆರೂಜಾ ವಿಶ್ವವಿದ್ಯಾಲಯದಲ್ಲಿತ್ತು. ನವೆಂಬರಿನಲ್ಲಿ ನಾಲ್ಕು ದಿನ ಅದರ ಮುಂದೆ ಕೂತು ಬಾ ಎಂದು ಕಳಿಸಿದರು. ಖರ್ಚಿಗೆ ಕೊಟ್ಟ ದುಡ್ಡು ಎಷ್ಟಿತ್ತೆಂದರೆ, ಹೋಟೆಲುಗಳ ಪಟ್ಟಿಯನ್ನು ಅಗ್ಗದಿಂದ ಶುರುಮಾಡಿ ಮೊದಲ ಮೂರು ಸಾಲಿಗೇ ನಿಲ್ಲಿಸಬೇಕಿತ್ತು. ಮೊದಲನೆಯದರಲ್ಲಿ ಎಂಟು ಜನಕ್ಕೆ ಒಂದೇ ಕೋಣೆ. ಎರಡನೆಯದು ರಾತ್ರಿಗೆ 38 ಯೂರೋ, ಒಂದು ಸ್ಟಾರ್, ಹಳೇ ಊರಿನ ಒಳಗೇ. ಮೂರನೆಯದನ್ನು ನೋಡಲಿಲ್ಲ.

ಫ್ಲಾರೆನ್ಸಿನಲ್ಲಿ ಬದಲಾಯಿಸಿ ಹತ್ತಿದ ಪ್ಯಾಸೆಂಜರ್ ರೈಲು ತ್ರಾಸಿಮೇನೋ ಕೆರೆಯ ದಡ ಹಿಡಿದು ಹೋಗುತ್ತದೆ. ಕ್ರಿಸ್ತಪೂರ್ವ 217ರಲ್ಲಿ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಬೆಳಗಿನ ಮಂಜಿನಲ್ಲಿ ಹೊಂಚುಹಾಕಿ ರೋಮನ್ ಸೈನ್ಯವನ್ನು ಇದೇ ದಡದಲ್ಲಿ ಮುಗಿಸಿದ್ದು. ನಾನು ಹೋದ ದಿನವೂ ಮಂಜು. ಕೆರೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಪೆರೂಜಾ ಸ್ಟೇಷನ್ ಬುಡದಲ್ಲಿದೆ, ಊರು ತಲೆಯ ಮೇಲೆ. ಮೇಲಕ್ಕೆ ಹೋಗಲು 2008ರಿಂದ ಮಿನಿಮೆಟ್ರೋ ಎಂಬ ಚಾಲಕನಿಲ್ಲದ ಡಬ್ಬಿ ಇದೆ. ಕೇಬಲ್ ಕಟ್ಟಿ ಎಳೆಯುತ್ತಾರೆ. ಚಿತ್ರದುರ್ಗದ ಕೋಟೆಗೆ ಇಂಥದೊಂದು ಇದ್ದಿದ್ದರೆ ಶಾಲೆಯ ಪ್ರವಾಸದಲ್ಲಿ ನನ್ನ ಚಪ್ಪಲಿ ಕಿತ್ತುಹೋಗುತ್ತಿರಲಿಲ್ಲ ಅನ್ನಿಸಿತು.

ಡಬ್ಬಿ ಇಳಿದ ಮೇಲೂ ಎಸ್ಕಲೇಟರು, ಅದು ಮುಗಿದ ಮೇಲೆ ಕಲ್ಲಿನ ಓಣಿ, ಓಣಿ ಮುಗಿದ ಮೇಲೆ ಮೆಟ್ಟಿಲು. ಹೋಟೆಲು ಅಂದರೆ ಜನ ಸಂಸಾರ ಮಾಡುವ ಹಳೆಯ ಕಟ್ಟಡದ ಮೂರನೆಯ ಮಹಡಿ. ಕೆಳಗಿನ ಮನೆಯಿಂದ ಬೆಳ್ಳುಳ್ಳಿ ಹುರಿಯುವ ವಾಸನೆ, ಅದರ ಮೇಲಿನದರಿಂದ ಟಿವಿಯ ಸದ್ದು, ಆಮೇಲೆ ನಮ್ಮ ಬಾಗಿಲು. ಲಿಫ್ಟ್ ಇಲ್ಲ. ಸೂಟ್‌ಕೇಸ್ ಎಳೆದುಕೊಂಡು ಏದುಸಿರು ಬಿಡುತ್ತಾ ನಿಂತ ನನ್ನನ್ನು ನೋಡಿ ಮಾಲೀಕರು ಕ್ಷಮೆ ಕೇಳಬಹುದು ಅಂದುಕೊಂಡೆ. ಎಪ್ಪತ್ತೈದರ ಆಸುಪಾಸಿನ ಅಜ್ಜ, ಮೊಣಕೈಗೆ ತೇಪೆ ಹಾಕಿದ ಸ್ವೆಟರು. ಗೋಡೆಗೆ ಎರಡು ಸಲ ಅಂಗೈ ಬಡಿದು, 'ಈ ಗೋಡೆಗೆ ಏಳುನೂರು ವರ್ಷ, ಸಿನ್ಯೋರಾ. ಇದನ್ನು ಕೊರೆಯಲು ಯಾರು ಅನುಮತಿ ಕೊಡುತ್ತಾರೆ?' ಅಂದರು. ತಪ್ಪು ಲಿಫ್ಟ್ ಕೇಳಿದ ನನ್ನದೇ.

ಮುಂದಿನ ನಾಲ್ಕು ದಿನ ನಡೆದದ್ದೆಲ್ಲ ಇದೇ ಧಾಟಿ. ನಾನು ಏನಿಲ್ಲ ಎಂದು ದೂರಿದರೂ ಅಜ್ಜನ ಹತ್ತಿರ ಅದಕ್ಕೊಂದು ಚರಿತ್ರೆ ಇರುತ್ತಿತ್ತು.

ಮೊದಲು ಪಾಸ್‌ಪೋರ್ಟ್ ಈಸಿಕೊಂಡರು. ಹೊಸದಾಗಿ ಬಂದವರು ಇದಕ್ಕೆ ಗಾಬರಿಯಾಗುತ್ತಾರೆ. ಇಟಲಿಯಲ್ಲಿ ತಂಗುವವರ ವಿವರವನ್ನು ಹೋಟೆಲಿನವರು ಪೊಲೀಸರಿಗೆ ಕಳಿಸಲೇಬೇಕು. 1931ರಲ್ಲಿ, ಮುಸೊಲಿನಿಯ ಕಾಲದಲ್ಲಿ ಮಾಡಿದ ಕಾನೂನು ಇವತ್ತಿಗೂ ನಡೆಯುತ್ತಿದೆ, ಈಗ ಆನ್‌ಲೈನ್ ಅಷ್ಟೆ. ಅಜ್ಜ ಒಂದೊಂದೇ ಬೆರಳಲ್ಲಿ ಕುಟ್ಟುತ್ತಾ 'ಒ, ಎಲ್ಲೆ, ಆ…' ಎಂದು ನಮ್ಮೂರನ್ನು ಪೊಲೀಸರಿಗೆ ಒಪ್ಪಿಸಿದರು. ಎಚ್ ಎಲ್ಲಿ ಎಂದು ಕೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಕೋಣೆಯಲ್ಲಿ ಕಬ್ಬಿಣದ ಮಂಚ, ಕೈತೊಳೆಯುವ ಬೇಸಿನ್ನು, ಕಿಟಕಿಗೆ ಹಸಿರು ಮರದ ಕದ. ದಿಂಬಿನ ಮೇಲೆ ಬೆಳ್ಳಿ ಕಾಗದದಲ್ಲಿ ಸುತ್ತಿದ ಒಂದೇ ಒಂದು ಬಾಚಿ ಚಾಕೊಲೇಟ್. ಇದು ಇದೇ ಊರಿನ ತಿನಿಸು. ಲೂಯಿಸಾ ಸ್ಪನ್ಯೋಲಿ ಎಂಬಾಕೆ 1922ರಲ್ಲಿ, ಕಾರ್ಖಾನೆಯಲ್ಲಿ ವ್ಯರ್ಥವಾಗುತ್ತಿದ್ದ ಹೇಝಲ್‌ನಟ್ ಚೂರುಗಳನ್ನು ಚಾಕೊಲೇಟಿಗೆ ಕಲಸಿ ಮಾಡಿದ್ದು. ಆಕಾರ ಮುಷ್ಟಿಯಂತಿದೆ ಎಂದು ಮೊದಲು 'ಗುದ್ದು' ಎಂದೇ ಹೆಸರಿಟ್ಟಿದ್ದರು, ಆಮೇಲೆ ಅದು 'ಬಾಚಿ', ಅಂದರೆ 'ಮುತ್ತು' ಆಯಿತು. ಅಂಗಡಿಗೆ ಹೋಗಿ ಎರಡು ಗುದ್ದು ಕೊಡಿ ಎನ್ನುವುದು ಹೇಗೆ!

ಬಚ್ಚಲು ಕಾರಿಡಾರಿನ ಕೊನೆಗೆ, ಮೂರು ಕೋಣೆಗೆ ಒಂದು. ಆದರೆ ಅದರಲ್ಲಿ 'ಬಿಡೆ' ಇತ್ತು, ಕೂತು ನೀರಿನಲ್ಲಿ ತೊಳೆದುಕೊಳ್ಳುವ ತಗ್ಗಿನ ಬೇಸಿನ್ನು. ಯುರೋಪಿನಲ್ಲಿ ಕಾಗದದ ಸುರುಳಿ ನೋಡಿ ನೋಡಿ ಸೋತ ನಮ್ಮವರಿಗೆ ಇಟಲಿ ಯಾಕೆ ತವರಿನಂತೆ ಅನ್ನಿಸುತ್ತದೆ ಎಂದರೆ ಇದೇ ಕಾರಣ. ಇಲ್ಲಿ ಮನೆ ಕಟ್ಟಿದರೆ ಒಂದು ಬಚ್ಚಲಿನಲ್ಲಾದರೂ ಬಿಡೆ ಇರಲೇಬೇಕೆಂದು 1975ರಿಂದ ಸರ್ಕಾರದ ಆದೇಶವೇ ಇದೆ. ಆ ಸಂತೋಷದಲ್ಲೇ ಶವರಿನ ಪಕ್ಕ ಜೋತಾಡುತ್ತಿದ್ದ ದಾರವನ್ನು, ಫ್ಯಾನಿನದಿರಬೇಕು ಎಂದು ಎಳೆದೆ. ಎಲ್ಲೋ ಗಂಟೆ ಬಾರಿಸಿತು. ಅರೆ ನಿಮಿಷದಲ್ಲಿ ಬಾಗಿಲ ಹೊರಗೆ ಅಜ್ಜನ ದನಿ: 'ಸಿನ್ಯೋರಾ ಒಲಾಲ್ಕೆರೆ! ಬಿದ್ದಿರಾ?' ಜಾರಿಬಿದ್ದವರು ಎಳೆಯಲೆಂದು ಕಟ್ಟಿದ ದಾರವದು. ಇಲ್ಲ ಎಂದು ಒಳಗಿಂದಲೇ ಕೂಗಿ, ಹೊರಗೆ ಬಂದಾಗ ಅವರು ಸೌಟು ಹಿಡಿದು ಅಲ್ಲೇ ನಿಂತಿದ್ದರು. ಸಾರು ಕುದಿಯುತ್ತಿತ್ತಂತೆ.

ರಾತ್ರಿ ಹನ್ನೊಂದಾದ ಮೇಲೆ ಕೋಣೆ ಬೆಚ್ಚಗಿಡುವ ರೇಡಿಯೇಟರ್ ತಣ್ಣಗಾಯಿತು. ಎರಡು ಕಂಬಳಿ, ಅದರ ಮೇಲೆ ಕೋಟು, ಅದರ ಮೇಲೆ ಟವೆಲು. ಬೆಳಗ್ಗೆ ದೂರಿದೆ. ಅಜ್ಜನಿಗೆ ಹುರುಪು ಬಂತು. ಇಟಲಿಯನ್ನು ಚಳಿಯ ಲೆಕ್ಕದಲ್ಲಿ ವಲಯಗಳಾಗಿ ಹಂಚಿದ್ದಾರೆ. ಪೆರೂಜಾದ ವಲಯದಲ್ಲಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ ಮಾತ್ರ ಮನೆ ಬೆಚ್ಚಗಿಡಬಹುದು, ಅದೂ ದಿನಕ್ಕೆ 14 ಗಂಟೆ ಮೀರದಂತೆ. 'ಕಾನೂನು, ಸಿನ್ಯೋರಾ.' ಸಂಜೆ ಲ್ಯಾಬಿನಲ್ಲಿ ಇದನ್ನು ಹೇಳಿದರೆ ಅಲ್ಲಿಯ ಗೆಳತಿ ನಕ್ಕಳು: ಆ ಕಟ್ಟುಪಾಡು ಮನೆಗಳಿಗೆ, ಹೋಟೆಲಿಗಲ್ಲ. ಮರುದಿನ ಅಜ್ಜನನ್ನು ಹಿಡಿದೆ. ಒಂದಿಷ್ಟೂ ಅಳುಕಲಿಲ್ಲ. ಬಾಯ್ಲರ್ ಇಡೀ ಕಟ್ಟಡಕ್ಕೆ ಒಂದೇ, ಕಟ್ಟಡದಲ್ಲಿರುವುದು ಮನೆಗಳು, ಬಾಯ್ಲರಿಗೆ ತಾನು ಹೋಟೆಲಿನದು ಎಂದು ಹೇಗೆ ಗೊತ್ತಾಗಬೇಕು? ಆ ರಾತ್ರಿ ಹಾಸಿಗೆಯೊಳಗೆ ರಬ್ಬರಿನ ಬಿಸಿನೀರ ಚೀಲ ಇತ್ತು.

ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಗಾಗಿ ಅಜ್ಜನ ಎಲ್ಲ ಕತೆಯನ್ನೂ ಮಾಫಿ ಮಾಡಬಹುದು. ಪಚ್ಚಾನೋ ಬೆಟ್ಟದಿಂದ ಊರ ನಡುವಿನ ಕಾರಂಜಿಗೆ ನೀರು ತರಲು ಹದಿಮೂರನೆಯ ಶತಮಾನದಲ್ಲಿ ಕಮಾನುಗಳ ಮೇಲೆ ಕಾಲುವೆ ಕಟ್ಟಿದರು. ನೀರು ನಿಂತಮೇಲೆ ಅದರ ಬೆನ್ನೇ ಕಾಲುದಾರಿಯಾಯಿತು. ಎರಡೂ ಕಡೆ ತಗ್ಗಿನಲ್ಲಿ ಮನೆಗಳು. ಕೆಲವು ಮನೆಯವರು ಮಹಡಿಯ ಬಾಗಿಲಿನಿಂದ ಕಾಲುವೆಗೆ ಪುಟ್ಟ ಸೇತುವೆ ಹಾಕಿಕೊಂಡಿದ್ದಾರೆ. ಹಾಲು ತರಲು ಹೊರಟವರು ಸೇತುವೆ ದಾಟಿ ನಿಮ್ಮ ಮುಂದೆಯೇ ಬೀದಿಗೆ ಇಳಿಯುತ್ತಾರೆ. ನೀರು ಸೇರುತ್ತಿದ್ದ ಆ ಕಾರಂಜಿ ಫೊಂತಾನಾ ಮಜ್ಜೋರೆ, 1275ರಿಂದ 1278ರೊಳಗೆ ನಿಕೋಲಾ ಪಿಸಾನೊ ಮತ್ತು ಮಗ ಜೊವಾನ್ನಿ ಕಡೆದದ್ದು. ಸುತ್ತಲಿನ ಫಲಕಗಳಲ್ಲಿ ಹನ್ನೆರಡು ತಿಂಗಳ ಒಕ್ಕಲುತನವಿದೆ, ದ್ರಾಕ್ಷಿ ತುಳಿಯುವುದರಿಂದ ಹಂದಿ ಕೊಯ್ಯುವವರೆಗೆ. ಅದರ ಎದುರಿನ ಚರ್ಚಿನ ಮೆಟ್ಟಿಲ ಮೇಲೆ ವಿದ್ಯಾರ್ಥಿಗಳು ಎಷ್ಟು ಹೊತ್ತಾದರೂ ಕೂತಿರುತ್ತಾರೆ. ಯಾರೂ ಏಳಿಸುವುದಿಲ್ಲ.

ಈಗ ಬ್ರೆಡ್ಡಿನ ವಿಷಯ. ಮೊದಲ ರಾತ್ರಿ ಕೆಳಗಿನ ಓಣಿಯ ಸಣ್ಣ ಊಟದ ಮನೆಯಲ್ಲಿ ಬೇಳೆ ಸೂಪ್ ಹೇಳಿದೆ. ಪೆರೂಜಾ ಇರುವ ಉಂಬ್ರಿಯಾ ಸೀಮೆಯ ಮಸೂರ್ ಕಾಳು ಚಿಕ್ಕದು, ಬೆಂದರೂ ಕರಗುವುದಿಲ್ಲ, ನಮ್ಮ ಹುರುಳಿ ಕಟ್ಟಿನ ನೆನಪು ತರುತ್ತದೆ. ಜೊತೆಗೆ ಬುಟ್ಟಿಯಲ್ಲಿ ಬ್ರೆಡ್ಡು. ಕಚ್ಚಿದರೆ ಸಪ್ಪೆ. ಕಮ್ಮಿ ಅಲ್ಲ, ಉಪ್ಪೇ ಇಲ್ಲ. ಮರೆತಿರಬೇಕು ಅಂದುಕೊಂಡೆ. ಮರುದಿನ ಹೋಟೆಲಿನ ತಿಂಡಿಯಲ್ಲೂ ಅದೇ ಬ್ರೆಡ್ಡು, ಅದೇ ಸಪ್ಪೆ. ಫೋನಿನಲ್ಲಿ ಹೇಳಿದರೆ ಅಮ್ಮ, 'ಅಯ್ಯೋ, ಯಾರಿಗಾದ್ರೂ ಹುಷಾರಿಲ್ವೇನೇ? ಉಪ್ಪಿಲ್ದೆ ಹೆಂಗ್ ತಿಂತಾರೆ?' ಅಂದಳು.

ಅಜ್ಜನನ್ನು ಕೇಳಿದೆ. ಇದಕ್ಕೇ ಕಾದಿದ್ದರೇನೋ, ಕುರ್ಚಿ ಎಳೆದುಕೊಂಡು ಕೂತರು. ಪೆರೂಜಾ ಪೋಪನ ಆಳ್ವಿಕೆಗೆ ಸೇರಿದ್ದ ಕಾಲ. ಮೂರನೆಯ ಪಾಲ್ ಎಂಬ ಪೋಪ್ ಉಪ್ಪಿನ ಬೆಲೆ ಏರಿಸಿದ. ಊರು ತಿರುಗಿಬಿತ್ತು. ಅದು 1540ರ ಉಪ್ಪಿನ ಯುದ್ಧ. ಸೋತರು. ಪೋಪ್ ಸುಮ್ಮನಾಗಲಿಲ್ಲ. ಊರನ್ನಾಳುತ್ತಿದ್ದ ಬಾಲ್ಯೋನಿ ಮನೆತನದ ಕೇರಿಯನ್ನೇ ಆರಿಸಿ, ಅದರ ಮೇಲೆ ಕೋಟೆ ಕಟ್ಟಿಸಿದ. ಮನೆಗಳ ಮಹಡಿ ಕೆಡವಿ, ಬೀದಿಗಳಿಗೆ ಕಮಾನು ಹೊದಿಸಿ, ಅವುಗಳನ್ನೇ ತಳಪಾಯ ಮಾಡಿಕೊಂಡ. 'ಅವತ್ತಿನಿಂದ ನಾವು ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ,' ಎಂದರು ಅಜ್ಜ, ಅವತ್ತು ತಾವೇ ಇದ್ದವರಂತೆ.

ಲ್ಯಾಬಿನ ಗೆಳತಿ ಇದಕ್ಕೂ ನಕ್ಕಳು. ಅವಳು ಫ್ಲಾರೆನ್ಸಿನವಳು. 'ನಮ್ಮ ಬ್ರೆಡ್ಡಿಗೂ ಉಪ್ಪಿಲ್ಲ. ನಮಗೆ ಯಾವ ಪೋಪ್ ಕಾಟ ಕೊಟ್ಟಿದ್ದ?' ಉಪ್ಪಿಲ್ಲದ ಬ್ರೆಡ್ಡು ಈ ಸೀಮೆಯಲ್ಲಿ ಯುದ್ಧಕ್ಕಿಂತ ಹಳೆಯದು ಎಂದೇ ಹಲವು ಇತಿಹಾಸಕಾರರ ಅಭಿಪ್ರಾಯ. ಇಲ್ಲಿಯ ಹಂದಿಮಾಂಸ, ಚೀಸ್ ಎರಡೂ ಉಪ್ಪುಪ್ಪು, ಅದರ ಜೊತೆಗೆ ಸಪ್ಪೆ ಬ್ರೆಡ್ಡೇ ಹೊಂದುತ್ತದೆ ಎಂಬುದೂ ನಿಜ. ರಸಾಯನಶಾಸ್ತ್ರದವಳಾಗಿ ನನಗೆ ಹೊಳೆದದ್ದು ಬೇರೆ: ಉಪ್ಪು ಯೀಸ್ಟನ್ನು ಹದ್ದುಬಸ್ತಿನಲ್ಲಿಡುತ್ತದೆ. ಉಪ್ಪಿಲ್ಲದ ಹಿಟ್ಟು ಅವಸರದಲ್ಲಿ ಉಬ್ಬುತ್ತದೆ. ನಾನಂತೂ ಮಾಂಸ ತಿನ್ನುವವಳಲ್ಲ, ಆ ಸಪ್ಪೆಗೆ ನನ್ನ ಹತ್ತಿರ ಜೋಡಿ ಇದ್ದದ್ದು ಬ್ಯಾಗಿನಲ್ಲಿದ್ದ ಶೇಂಗಾ ಚಟ್ನಿಪುಡಿ ಮಾತ್ರ.

ಆದರೆ ಮೂರನೆಯ ದಿನ ಆ ಕೋಟೆಯೊಳಗೆ ಹೋದಮೇಲೆ ಗೆಳತಿಯ ವಾದ ನನಗೆ ಅಷ್ಟು ಮುಖ್ಯ ಅನ್ನಿಸಲಿಲ್ಲ. ರೊಕ್ಕಾ ಪಾವೊಲಿನಾ ಎಂದು ಹೆಸರು. ಇಟಲಿ ಒಂದಾದಾಗ, 1860ರಲ್ಲಿ, ಊರಿನವರು ಕೋಟೆಯ ಮೇಲ್ಭಾಗವನ್ನು ಕೆಡವಿ ಹಾಕಿದರು. ತಳಪಾಯವಾಗಿದ್ದ ಬೀದಿ ಮಾತ್ರ ಹೂತಂತೆಯೇ ಉಳಿಯಿತು. 1983ರಲ್ಲಿ ಅದರ ನಡುವೆ ಎಸ್ಕಲೇಟರ್ ಹಾಕಿದ್ದಾರೆ. ಕೆಳಗಿನ ಬಸ್ ನಿಲ್ದಾಣದಿಂದ ಹತ್ತಿದರೆ, ಒಂದು ಹಂತದಲ್ಲಿ ನೀವು ಐನೂರು ವರ್ಷದ ಹಿಂದಿನ ಓಣಿಯಲ್ಲಿರುತ್ತೀರಿ. ಇಟ್ಟಿಗೆಯ ಛಾವಣಿ, ಅದರಡಿ ಬಾಗಿಲು, ಕಿಟಕಿ, ಮೂಲೆಯಲ್ಲಿ ಒಲೆ ಇದ್ದಂತಹ ಗೂಡು. ಆಕಾಶವಿಲ್ಲದ ಬೀದಿ. ಪಕ್ಕದಲ್ಲಿ ಯಾರೋ ತರಕಾರಿ ಚೀಲ ಹಿಡಿದು ಫೋನಿನಲ್ಲಿ ಜಗಳವಾಡುತ್ತಾ ಮೇಲೇರುತ್ತಿದ್ದರು. ನಮ್ಮ ದುರ್ಗದ ಕೋಟೆ ಊರನ್ನು ಕಾಯಲು ಕಟ್ಟಿದ್ದು. ಊರಿನ ಕತ್ತು ಹಿಸುಕಲು ಊರ ಮೇಲೇ ಕಟ್ಟಿದ ಕೋಟೆಯನ್ನು ನಾನು ನೋಡಿದ್ದು ಅದೇ ಮೊದಲು. ಅಂಥ ಬೀದಿಯ ಮೇಲೆ ಬೆಳೆದವರು ಬ್ರೆಡ್ಡಿನ ಬಗ್ಗೆ ಪೋಪನ ಮೇಲೆ ಒಂದು ಸುಳ್ಳು ಹೆಚ್ಚಿಗೆ ಹೇಳಿದರೆ ಹೇಳಿಕೊಳ್ಳಲಿ.

ಅವತ್ತು ರಾತ್ರಿ ತೋರ್ತಾ ಆಲ್ ತೆಸ್ತೋ ತಿಂದೆ. ಗೋಧಿಹಿಟ್ಟನ್ನು ದಪ್ಪಗೆ ತಟ್ಟಿ ಕಾವಲಿಯ ಮೇಲೆ ಸುಡುತ್ತಾರೆ, ಸೀಳಿ ನಡುವೆ ಬೇಯಿಸಿದ ಸೊಪ್ಪು ಇಡುತ್ತಾರೆ. ಸುಟ್ಟ ಕಲೆಯ ಸಮೇತ ನಮ್ಮ ರೊಟ್ಟಿಯೇ. ಅದರಲ್ಲಿ ಉಪ್ಪಿತ್ತು! ಓಡಿಬಂದು ಅಜ್ಜನಿಗೆ ಹೇಳಿದೆ, ಪೋಪ್ ಇದಕ್ಕೆ ಯಾಕೆ ರಿಯಾಯಿತಿ ಕೊಟ್ಟ ಎಂದು. ಅವರು ಸ್ವಲ್ಪ ಯೋಚಿಸಿ, 'ಅದು ಬ್ರೆಡ್ಡಲ್ಲ,' ಅಂದರು.

ಹೊರಡುವ ಬೆಳಗ್ಗೆ ಪ್ರವಾಸಿ ತೆರಿಗೆಯನ್ನು ಚಿಲ್ಲರೆಯಲ್ಲೇ ಎಣಿಸಿಕೊಂಡರು. ಇಟಲಿಯಲ್ಲಿ ಬಹಳ ಕಡೆ ಇದನ್ನು ಬಾಡಿಗೆಯಲ್ಲಿ ಸೇರಿಸಿರುವುದಿಲ್ಲ, ಬರುವವರು ಕೈಯಲ್ಲಿ ಒಂದಿಷ್ಟು ಪುಡಿಕಾಸು ಇಟ್ಟುಕೊಳ್ಳಿ. ಉಳಿದ ಚಟ್ನಿಪುಡಿಯ ಡಬ್ಬಿಯನ್ನು ಅವರಿಗೇ ಕೊಟ್ಟೆ. ಬೆರಳ ತುದಿಗೆ ಹಚ್ಚಿ ನೆಕ್ಕಿ, ಕೆಮ್ಮಿ, ಕಣ್ಣೊರೆಸಿಕೊಂಡು ಮತ್ತೆ ನೆಕ್ಕಿದರು. ಬ್ರೆಡ್ಡಿನ ಜೊತೆ ತಿನ್ನಬೇಕು ಎಂದು ಹೇಳಿಕೊಟ್ಟೆ. ಸೂಟ್‌ಕೇಸನ್ನು ಮೂರು ಮಹಡಿ ಅವರೇ ಇಳಿಸಿದರು, ಬೇಡವೆಂದರೂ ಬಿಡಲಿಲ್ಲ.

ಬೊಲೋನ್ಯಾಕ್ಕೆ ಬಂದು ಬಿಲ್ಲು ಕೊಟ್ಟರೆ, ಲೆಕ್ಕದ ವಿಭಾಗದಿಂದ ವಾಪಸ್ ಬಂತು. ಪಾಸ್‌ಪೋರ್ಟಿನಲ್ಲಿರುವ ವ್ಯಕ್ತಿ ಬೇರೆ, ಬಿಲ್ಲಿನಲ್ಲಿರುವ ವ್ಯಕ್ತಿ ಬೇರೆ, ಒಲಾಲ್ಕೆರೆ ಯಾರು? ಅಜ್ಜನಿಗೆ ಬರೆದೆ, ದಯವಿಟ್ಟು ಎಚ್ ಸೇರಿಸಿ ಹೊಸ ರಸೀದಿ ಕಳಿಸಿ ಎಂದು. ವಾರದೊಳಗೆ ಅಂಚೆಯಲ್ಲಿ ಬಂತು, ಜೊತೆಗೊಂದು ಬಾಚಿ. ಎಚ್ ಹಾಕಿದ್ದರು. ಶುರುವಿನಲ್ಲೊಂದು, ಕೆರೆಯಲ್ಲೊಂದು. ಸಿನ್ಯೋರಾ ಹೊಲಾಲ್ಖೆರೆ.